ಬಾಡಿಗೆ ಗೋಡೆಯ ಮೊಳೆ

ನನ್ನ ಅಳಿಯ ಅಡ್ಡಡ್ಡ ನಡೆಯುತ್ತಾನೆ. ಎಡಭುಜ ಮುಂದೆ, ಹೊಟ್ಟೆ ಒಳಗೆ. ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ ವರ್ಷಗಟ್ಟಲೆ ನುಸುಳಿ ನುಸುಳಿ ಮೈಗೂಡಿದ ಆ ನಡಿಗೆ ಸಮುದ್ರದ ದಂಡೆಯ ವಿಶಾಲವಾದ ಮರಳಿನ ಮೇಲೂ ಅವನನ್ನು ಬಿಡುವುದಿಲ್ಲ. ಮೊಮ್ಮಗಳು "ಏಡಿಯಪ್ಪ ಬಂದ್ರು" ಎಂದು ನಗುತ್ತಾಳೆ. ಕಟ್ಟಡ ಕಟ್ಟುವ ಕಂಪನಿಯಲ್ಲಿ ಅವನದು ನಕ್ಷೆ ಬರೆಯುವ ಕೆಲಸ. ಕಡಲಿಗೆ ಮುಖಮಾಡಿದ ಬಾಲ್ಕನಿಗಳನ್ನು ದಿನವಿಡೀ ಬರೆದು, ಎರಡು ಬಸ್ಸು ಬದಲಿಸಿ, ಕಡಲು ಕಾಣದ, ಅದರ ಉಪ್ಪುಗಾಳಿ ಮಾತ್ರ ಬರುವ ನಮ್ಮ ಎರಡು ಕೋಣೆಗೆ ಮರಳುತ್ತಿದ್ದ.

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಕೂಡದೆಂಬುದು ಅವನ ಹಠ. ಕನ್ನಡಿ ಕುರ್ಚಿಯ ಮೇಲೆ, ತೀರಿಹೋದ ನಮ್ಮ ಯಜಮಾನರ ಫೋಟೋ ಅಕ್ಕಿಡಬ್ಬದ ಮೇಲೆ. "ನಮ್ಮದಲ್ಲದ ಗೋಡೆ, ಅತ್ತೆ" ಎನ್ನುತ್ತಿದ್ದ.

"ನಿನ್ನ ಮಾವ ಅಕ್ಕಿ ಕಾಯ್ಕೊಂಡಿರ್ಲಿ ಬಿಡಪ್ಪ" ಎಂದೆ ನಾನೂ.

ಮೊಮ್ಮಗಳ ಶಾಲೆ, ಮಗಳು ಕೆಲಸಕ್ಕೆ ಹೋಗುವ ಔಷಧಿ ಅಂಗಡಿ, ಎರಡೂ ಹತ್ತಿರವಿದ್ದವು. ಇನ್ನು ಇಲ್ಲಿಂದ ಏಳಬಾರದು ಎಂಬ ಆಸೆ ಅವನ ತಲೆ ಕೆಡಿಸಿತು. ರಜೆ ಬಂದಾಗಲೆಲ್ಲ ಉಪ್ಪು ತಿಂದು ಉಬ್ಬಿದ ಗೋಡೆ ಕೆರೆದ, ಬಣ್ಣ ಬಳಿದ, ಕಿಟಕಿಯ ತುಕ್ಕು ಉಜ್ಜಿದ, ಕೊನೆಗೊಂದು ದಿನ ಮೊಳೆಯನ್ನೂ ಹೊಡೆದ. ಯಜಮಾನರು ಗೋಡೆ ಏರಿದರು.

ಮನೆಯ ಒಡತಿ ಬಂದಳು. ಗೋಡೆಯ ಮೇಲೆ ಅಂಗೈ ಆಡಿಸಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ, ಇದು ನನ್ನ ಮನೇನಾ ಅನ್ನಿಸ್ತು" ಎಂದಳು. ಅಳಿಯ ನಾಚಿ ತಲೆ ತಗ್ಗಿಸಿದ. ಆ ವಾರವೇ ಫೋನು: ಇಷ್ಟು ಚೆಂದದ ಮನೆಗೆ ಒಂದೂವರೆ ಪಟ್ಟು ಬಾಡಿಗೆ ಕೊಡುವವರು ಸಿಕ್ಕಿದ್ದಾರೆ, ನೀವೂ ಅಷ್ಟು ಕೊಟ್ಟರೆ ಇರಬಹುದು, ಬಲವಂತವಿಲ್ಲ.

"ಗೋಡೆ ಉದುರ್ತಾ ಇದ್ದಿದ್ರೆ ಇನ್ನೂ ನಾಲ್ಕು ವರ್ಷ ಇರ್ತಿದ್ವಿ" ಎಂದಳು ಮಗಳು. "ನಿಮಗೆ ಅಷ್ಟು ಅಚ್ಚುಕಟ್ಟು ಯಾಕೆ ಬೇಕಿತ್ತು ಅಂತೀನಿ."

ನಮ್ಮ ಕೈಗೆಟುಕುವ ಬಾಡಿಗೆಗೆ ಸಿಕ್ಕ ಮನೆ ರೈಲಿನಲ್ಲಿ ಎರಡು ಗಂಟೆ ದೂರ. ಮಗಳ ಕೆಲಸ ಹೋಯಿತು, ಮೊಮ್ಮಗಳ ಶಾಲೆ ಹೋಯಿತು.

ಹೊರಡುವ ಬೆಳಿಗ್ಗೆ ಸಾಮಾನಿನ ಗಾಡಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದರೆ, ಇವನು ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಬಣ್ಣ ಹಚ್ಚಿ, ಒಣಗಲಿ ಎಂದು ಬಾಯಿಂದ ಊದುತ್ತ ನಿಂತಿದ್ದ.

"ಯಾರಿಗಪ್ಪ ಇದು?" ಎಂದೆ.

"ಬರೋರು ಏನಂದ್ಕೋತಾರೆ, ಅತ್ತೆ."

ಆಮೇಲೆ, ಮಂಚವೂ ಇಲ್ಲದ ಕಪಾಟೂ ಇಲ್ಲದ ಆ ಖಾಲಿ ಕೋಣೆಯಲ್ಲಿ, ಅಡ್ಡಡ್ಡವಾಗಿಯೇ ಬಾಗಿಲಿಗೆ ನಡೆದ.

ಇಂಥ ಜನ ಆ ಊರಿನ ತುಂಬ ಇದ್ದಾರೆ. ಬೈಯಲು ಬಾರದು, ಗೋಡೆಗೊಂದು ಗೀಚು ಹಾಕಿ ಹೋಗಲೂ ಬಾರದು; ತಮ್ಮನ್ನು ಹೊರಗಟ್ಟಿದ ಮನೆಯನ್ನೂ ಒರೆಸಿಟ್ಟು, ಬೀಗದ ಕೈಯನ್ನು ಎರಡೂ ಕೈಯಿಂದ ಒಪ್ಪಿಸುತ್ತಾರೆ. ಅದಕ್ಕೆ ಮರ್ಯಾದೆ ಎನ್ನುತ್ತಾರೆ. ಒಡೆಯರು ಅದನ್ನೂ ಮುಂದಿನವರ ಬಾಡಿಗೆಗೆ ಸೇರಿಸಿಕೊಳ್ಳುತ್ತಾರೆ.