ಕನ್ನಡಿಯ ಮೇಲೆ ಸೊಣ್ಣಪ್ಪನವರ ಹೆಸರು

ನಮ್ಮ ಶೆಟ್ಟಿಹಳ್ಳಿಯಲ್ಲಿ ಸೊಣ್ಣಪ್ಪನವರ ಹೆಸರು ಓದದೆ ಯಾರೂ ಒಂದು ದಿನ ಕಳೆಯಲಾರರು. ಬಸ್ ಸ್ಟಾಪಿನ ಕಲ್ಲುಬೆಂಚಿಗೆ ಒರಗಿದರೆ ಅವರ ಹೆಸರು ಬೆನ್ನಿಗೆ ಒತ್ತುತ್ತದೆ. ಗುಡಿಯ ಫ್ಯಾನಿನ ಮೂರು ರೆಕ್ಕೆಗೂ ಅವರ ಹೆಸರಿದೆ. ತಿರುಗಿದರೆ ಓದಲಾಗುವುದಿಲ್ಲ ಎಂದು ಹಬ್ಬದ ದಿನ ಫ್ಯಾನನ್ನೇ ಆರಿಸಿಡುತ್ತಾರೆ. ಸಂಘದ ಕಚೇರಿಯ ಟ್ಯೂಬ್‌ಲೈಟಿನ ಮೇಲೆ ಬರೆಸಿದ ಅಕ್ಷರ ಎಷ್ಟು ದಪ್ಪವೆಂದರೆ ಅದರ ಕೆಳಗೆ ಕೂತು ಇನ್ನೇನನ್ನೂ ಓದಲಾಗುವುದಿಲ್ಲ. ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನೂ ಅವರೇ ಕೊಡಿಸಿದ್ದು. ಹೆಸರನ್ನು ಮುಚ್ಚಳದ ಒಳಗಡೆಗೂ ಬರೆಸುತ್ತೇನೆ ಎಂದಿದ್ದರು, ನಾನು ಬಿಡಲಿಲ್ಲ.

ನಾನು ಧನಲಕ್ಷ್ಮಿ, ಬಡಾವಣೆ ಸಂಘದ ಕಾರ್ಯದರ್ಶಿ. ಅಂದರೆ ನಲ್ಲಿಯಲ್ಲಿ ನೀರು ಬಾರದಿದ್ದರೂ ಬೀದಿನಾಯಿ ಬೊಗಳಿದರೂ ಬೈಸಿಕೊಳ್ಳುವವಳು. ನಮ್ಮ ಬಡಾವಣೆಯ ಅರ್ಧ ಒಂದು ಕಾಲಕ್ಕೆ ಸೊಣ್ಣಪ್ಪನವರ ರಾಗಿ ಹೊಲ. ಈಗ ಅಲ್ಲೆಲ್ಲ ಅವರ ಬಾಡಿಗೆ ಮನೆಗಳಿವೆ. ಕೊಡುವ ಕೈ ದೊಡ್ಡದು, ಅದನ್ನು ಇಲ್ಲವೆನ್ನಲಾರೆ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈ ವರ್ಷ ನಮ್ಮ ಬೀದಿಯ ನಿಶಾತ್ ಫಸ್ಟ್ ಪಿಯುಸಿ ಮುಗಿಸಿ, ಯಲಹಂಕದಾಚೆ ಪಿಯು ಮಕ್ಕಳಿಗೆಂದು ನಡೆಯುವ ವಿಜ್ಞಾನ ಶಿಬಿರಕ್ಕೆ ಆಯ್ಕೆಯಾದಳು. ಅಲ್ಲೇ ಉಳಿದು, ಅಲ್ಲೇ ಉಂಡು, ಕೈಯಾರೆ ಮಾಡಿ ಕಲಿಯುವ ಶಿಬಿರ. ಅವಳ ಅಪ್ಪ ದಸ್ತಗೀರ್ ಶಾಲೆಯ ವ್ಯಾನ್ ಓಡಿಸುತ್ತಾರೆ. ಶಿಬಿರದವರದೊಂದು ವಿಚಿತ್ರ ನಿಯಮ. ಮಗುವಿನ ಖರ್ಚನ್ನು ಅದರ ಬಡಾವಣೆಯವರೇ ಯಾರಾದರೂ ಹೊರಬೇಕು, ಮಗು ಕಲಿತು ಬಂದದ್ದನ್ನು ಬಡಾವಣೆಗೆ ತೋರಿಸಬೇಕು. ನೋಡಿದ ಮೇಲೆ ಅದೇ ಪೋಷಕರು ಮತ್ತೆ ಒಪ್ಪಿದರೆ ಮಾತ್ರ ದಸರಾ ರಜೆಯಲ್ಲಿ ಎರಡನೇ ಶಿಬಿರ. ಅದು ಬೆಟ್ಟದ ಮೇಲೆ, ನಿಜವಾದ ದೊಡ್ಡ ಟೆಲಿಸ್ಕೋಪಿನ ಹತ್ತಿರ. ಹುಡುಗಿಯ ಜೀವವೆಲ್ಲ ಆ ಬೆಟ್ಟದ ಮೇಲಿತ್ತು.

ಸೊಣ್ಣಪ್ಪನವರನ್ನು ಒಪ್ಪಿಸಲು ಹೋದವಳು ನಾನೇ.

"ಕೊಡಾಣ, ಅದಕ್ಕೇನು," ಎಂದರು. "ಎಸ್ರು ಎಲ್ಲಿ ಆಕೋದು?"

"ಹುಡುಗಿ ಓದೋಕೆ ಹೋಗ್ತಿರೋದು ಕಣ್ರೀ ಸೊಣ್ಣಪ್ಪನೋರೆ. ಅವಳ ಹಣೆ ಮೇಲೆ ಬರೆಸ್ತೀರಾ?"

"ನೋಡಾಣ, ಏನಾದ್ರೂ ಸಿಗ್ತದೆ," ಎಂದು ನಕ್ಕರು. ಆ ನಗು ಆಗಲೇ ನನಗೆ ಹಿಡಿಸಲಿಲ್ಲ.

ನಿಶಾತ್ ಶಿಬಿರದಿಂದ ಬಂದಾಗ ಅವಳ ಜೊತೆ ವ್ಯಾನಿನಲ್ಲಿ ಒಂದು ದಪ್ಪ ಪಿವಿಸಿ ಪೈಪೂ ಬಂತು. ಟೆಲಿಸ್ಕೋಪ್. ಪೈಪಿನ ತಳದಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಗುಂಡು ಕನ್ನಡಿ. ಗಾಜಿನ ಬಿಲ್ಲೆಯನ್ನು ಪುಡಿ ಹಾಕಿ ಇನ್ನೊಂದು ಗಾಜಿನ ಮೇಲೆ ಉಜ್ಜಿ ಉಜ್ಜಿ, ಶಿಬಿರ ಮುಗಿಯುವ ತನಕ ಉಜ್ಜಿ, ಅವಳೇ ಮಾಡಿದ ಕನ್ನಡಿ. ಬೆರಳ ತುದಿಗಳು ಇನ್ನೂ ಒರಟಾಗಿದ್ದವು. ಬೆರಳು ತಾಗಬಾರದು, ಉಸಿರು ಬಿಡಬಾರದು ಎಂದು ನನಗೆ ಹತ್ತು ಸಲ ಹೇಳಿ, ಭಾನುವಾರ ಸಂಜೆಯ ಪ್ರದರ್ಶನಕ್ಕೆಂದು ಸಂಘದ ಕಚೇರಿಯಲ್ಲಿ ಇಟ್ಟು ಹೋದಳು. ನಾನು ಬೀಗ ಹಾಕಿದೆ. ಕಟ್ಟಡದ ದಾನಿಗಳೂ ಆದ ಸೊಣ್ಣಪ್ಪನವರ ಹತ್ತಿರ ಇನ್ನೊಂದು ಬೀಗದ ಕೈ ಇರುವುದು ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕಚೇರಿಗೆ ಹೋದರೆ ಸೊಣ್ಣಪ್ಪನವರು ಆಗಲೇ ಕುರ್ಚಿ ಹಾಕಿಸುತ್ತಿದ್ದರು. ಮುಖದಲ್ಲಿ ಮೊಮ್ಮಗನ ನಾಮಕರಣದ ಕಳೆ.

"ದನಲಕ್ಷ್ಮಮ್ಮ, ಜಾಗ ಸಿಕ್ತು," ಎಂದರು.

ಯಶವಂತಪುರದ ಪಾತ್ರೆ ಅಂಗಡಿಯಲ್ಲಿ ಮದುವೆ ಪಾತ್ರೆಗೆ ಹೆಸರು ಕೊರೆಯುವವನನ್ನು ಮಿಷನ್ ಸಮೇತ ಕರೆಸಿ, ಪೈಪಿನ ತಳ ಬಿಚ್ಚಿಸಿ, ಕನ್ನಡಿಯ ನಟ್ಟನಡುವೆ ಕೊರೆಸಿಬಿಟ್ಟಿದ್ದರು. 'ದಾನಿಗಳು: ಶೆಟ್ಟಿಹಳ್ಳಿ ಸೊಣ್ಣಪ್ಪ ಮತ್ತು ಮಕ್ಕಳು.' ಪಕ್ಕದಲ್ಲಿ ಒಂದು ಪುಟ್ಟ ಕಳಶ ಬೇರೆ. ಅದನ್ನು ಕೊರೆಯುವವನು ಸಂತೋಷಕ್ಕೆ ಹಾಕಿಕೊಟ್ಟನಂತೆ.

"ಪೈಪ್ ಮ್ಯಾಲೆ ಬರೆಸಿದ್ರೆ ಯಾರು ನೋಡ್ತಾರೆ ಏಳಿ. ಎಲ್ರೂ ಒಳಕ್ ತಾನೆ ನೋಡೋದು. ಇವತ್ತು ಚಂದ್ರನ್ ನೋಡ್ದೋರ್ಗೆಲ್ಲಾ ಚಂದ್ರನ್ ಮ್ಯಾಲೆ ನನ್ನೆಸ್ರು ಕಾಣ್ತದೆ. ಚಿಕ್ಕಬಾಣಾವರದ ಬೀಗ್ರುಗೂ ಫೋನ್ ಮಾಡಿವ್ನಿ."

ನನಗೆ ಅಳಬೇಕೋ ಅವರನ್ನು ಆ ಪೈಪಿನಲ್ಲೇ ಹಾಕಿ ಕುಟ್ಟಬೇಕೋ ತಿಳಿಯಲಿಲ್ಲ. ನಿಶಾತ್ ಬಂದು ಕನ್ನಡಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತು, ಅದು ಕನ್ನಡಿಯ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡಳು. ಸೊಣ್ಣಪ್ಪನವರು ಅದನ್ನು ಆನಂದಬಾಷ್ಪ ಎಂದುಕೊಂಡು ಅವಳ ತಲೆ ಸವರಿ, ಶಾಮಿಯಾನದವನನ್ನು ವಿಚಾರಿಸಲು ಹೋದರು.

ಸ್ವಲ್ಪ ಹೊತ್ತಿಗೆ ಹುಡುಗಿ ಕನ್ನಡಿಯನ್ನು ಜಾಗಕ್ಕೆ ಕೂರಿಸಿ, ಪೈಪನ್ನು ಬಾಗಿಲಾಚೆಗೆ ಎಳೆದು, ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿದಳು. ಪಕ್ಕದ ಪುಟ್ಟ ಕೊಳವೆಗೆ ಕಣ್ಣಿಟ್ಟವಳು ಬಹಳ ಹೊತ್ತು ಎತ್ತಲಿಲ್ಲ. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದಳು.

"ಆಂಟಿ, ನೀವೇ ನೋಡಿ."

ಟ್ಯಾಂಕಿನ ಮೇಲೆ ಕೂತ ಕಾಗೆ ಕಣ್ಣು ಮಿಟುಕಿಸುವುದೂ ಕಂಡಿತು. ಅಕ್ಷರ ಒಂದೂ ಇಲ್ಲ.

"ಕನ್ನಡಿ ಮೇಲಿನ ಗೀರು ಕಾಣಲ್ಲ ಆಂಟಿ. ಕಾಣೋದು ದೂರದ್ದು ಮಾತ್ರ. ಸ್ವಲ್ಪ ಮಬ್ಬಾಗುತ್ತೆ ಅಷ್ಟೆ. ಅದೂ ತಾತ ನಟ್ಟನಡುವೆ ಕೊರೆಸಿದಾರೆ. ಪೈಪಿನ ಬಾಯಿ ಹತ್ರ ಇನ್ನೊಂದು ಚಿಕ್ಕ ಕನ್ನಡಿ ಇದೆಯಲ್ಲ, ಅದರ ನೆರಳು ಬಿದ್ದು ಅಲ್ಲಿಗೆ ಬೆಳಕೇ ಸರಿಯಾಗಿ ಬರಲ್ಲ."

"ಬದುಕಿದ್ವಲ್ಲೇ," ಎಂದೆ.

ಅವಳ ನಗು ನಿಂತಿತು. "ಎಲ್ಲಿ ಬದುಕಿದ್ವಿ? ಹೆಸ್ರು ಕಾಣುತ್ತೆ ಅಂತ ಬೀಗರನ್ನೆಲ್ಲ ಕರೆದಿದಾರೆ. ಕಾಣ್ಲಿಲ್ಲ ಅಂದ್ರೆ ದಸರಾಗೆ ನನ್ನನ್ನ ಯಾಕೆ ಕಳಿಸ್ತಾರೆ?"

ನಿಜ. ಕನ್ನಡಿ ಹಾಳಾಗಿದ್ದರೆ ಕ್ಷಮೆ ಕೇಳುವವರು ಸೊಣ್ಣಪ್ಪನವರು. ಹಾಳಾಗದೆ ಉಳಿದದ್ದರಿಂದ ಸಿಕ್ಕಿಬಿದ್ದವಳು ಹುಡುಗಿ. ಹೀಗೂ ಒಂದು ನ್ಯಾಯ ಉಂಟೆ?

"ಏನಾದ್ರೂ ಉಪಾಯ ಇಲ್ವೇನೆ?" ಎಂದೆ.

ಇತ್ತು. ತೆಳು ಪ್ಲಾಸ್ಟಿಕ್ ಚೂರಿನ ಮೇಲೆ ಸಣ್ಣಗೆ ಹೆಸರು ಬರೆದು ಕಣ್ಣಿಡುವ ಕೊಳವೆಯೊಳಗೆ ಸರಿಯಾದ ಕಡೆ ಕೂರಿಸಿದರೆ, ಚಂದ್ರನ ಮೇಲೆ ಹೆಸರು ಎದ್ದು ನಿಲ್ಲುತ್ತದಂತೆ. ಕೇಳಿದ್ದೇ ತಡ, ಉಗುರು ಕತ್ತರಿಯಲ್ಲಿ ಪ್ಲಾಸ್ಟಿಕ್ಕನ್ನು ಗುಂಡಗೆ ಕತ್ತರಿಸಿಕೊಟ್ಟವಳು ನಾನು. ನಿಶಾತ್ ಸೂಜಿಯ ಮೊನೆಯಲ್ಲಿ ಅಕ್ಷರ ಕೊರೆದು ಮಸಿ ತುಂಬಿದಳು, ಮುಖ ಮಾತ್ರ ಕಷಾಯ ಕುಡಿದವರ ಹಾಗಿತ್ತು.

"ಇದು ಮೋಸ ಅಲ್ವಾ ಆಂಟಿ?"

"ದಾನಿಗಳ ಮನಸ್ಸು ನೋಯಿಸಬಾರದಮ್ಮ. ತಾತ ನೋಡೋವಾಗ ಮಾತ್ರ ಹಾಕು."

ಅವಳು ಅದನ್ನು ಕುರ್ತಾದ ಜೇಬಿಗೆ ಹಾಕಿಕೊಂಡಳು.

ಸಂಜೆ ಮೋಡ ಹರಿದು ಅರ್ಧ ಚಂದ್ರ ಕಾಣಿಸಿತು. ಮೊದಲು ನೋಡಿದವರು ದ್ರೌಪದಮ್ಮ, ಸೊಣ್ಣಪ್ಪನವರ ಹಳೆಯ ಬಾಡಿಗೆದಾರರು. ಕಣ್ಣಿಟ್ಟು, ಒಂದು ಕ್ಷಣ ಗಲಿಬಿಲಿಯಾಗಿ, ಮನೆ ಮಾಲೀಕರ ಮುಖ ನೋಡಿದರು.

"ಎಸ್ರು ಕಾಣ್ತಾ ದ್ರೌಪದಮ್ಮ?"

"ಕಾಣ್ದೆ ಏನಪ್ಪಾ. ದಪ್ಪಕ್ಕೆ ಐತೆ."

ಅಲ್ಲಿಂದ ಶುರುವಾಯಿತು. ಸಾಲಿನಲ್ಲಿದ್ದವರು ಬಹುತೇಕ ಅವರ ಬಾಡಿಗೆದಾರರೇ. ಎಲ್ಲರಿಗೂ ಹೆಸರು ಕಂಡಿತು. ಒಬ್ಬನಿಗೆ ಕಳಶವೂ ಕಂಡಿತು. ಮಹಡಿ ಮನೆಯ ಯೋಗಾನಂದ, ಮೂರು ತಿಂಗಳಿಂದ ನಲ್ಲಿ ರಿಪೇರಿ ಮಾಡಿಸಿಕೊಡಿ ಎಂದು ಅವರ ಹಿಂದೆ ಬಿದ್ದವನು, "ಬೆಳದಿಂಗಳಲ್ಲಿ ಅಕ್ಷರ ಹೊಳೀತಾ ಇದೆ ಸಾರ್" ಎಂದ. ಬೀಗರು ಒಳ್ಳೆಯ ಜನ, ಅವರೂ ತಲೆಯಾಡಿಸಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕೊನೆಗೆ ಸೊಣ್ಣಪ್ಪನವರು ಹೆಗಲ ಟವೆಲು ಸರಿಮಾಡಿಕೊಂಡು ಬಂದರು. ನಾನು ನಿಶಾತ್‌ಗೆ ಕಣ್ಸನ್ನೆ ಮಾಡಿದೆ. ಅವಳ ಕೈ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು. ಮತ್ತೆ ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿಯೂ ನೋಡದವಳಂತೆ ಪೈಪನ್ನು ಚಂದ್ರನತ್ತ ಸರಿಮಾಡಿ, "ನೋಡಿ ತಾತ," ಎಂದು ಪಕ್ಕಕ್ಕೆ ಸರಿದಳು. ಕೆಟ್ಟಿತು ಎಂದುಕೊಂಡೆ.

ಸೊಣ್ಣಪ್ಪನವರು ಕಣ್ಣಿಟ್ಟರು. ಕಾಲು ಬದಲಿಸಿ ನಿಂತರು. ಹಿಂದಿನಿಂದ ಬೀಗರು ಕೆಮ್ಮಿದರು, ಕೇಳಿಸಿದಂತಿಲ್ಲ. ಎಷ್ಟೋ ಹೊತ್ತಿನ ಮೇಲೆ, ಕಣ್ಣು ತೆಗೆಯದೆಯೇ, "ನಿಶಾತು," ಎಂದರು ಮೆಲ್ಲಗೆ. "ದಿಟ ಏಳು. ನನ್ನೆಸ್ರು ಐತಾ?"

"ಇಲ್ಲ ತಾತ. ಕನ್ನಡಿ ಮೇಲಿದೆ, ಆದ್ರೆ ಕಾಣಲ್ಲ. ಯಾರಿಗೂ ಕಂಡಿಲ್ಲ."

ದ್ರೌಪದಮ್ಮ ಸೀರೆಯ ನೆರಿಗೆ ನೋಡತೊಡಗಿದರು. ಯೋಗಾನಂದನ ನಲ್ಲಿ ಈ ಜನ್ಮದಲ್ಲಿ ರಿಪೇರಿಯಾಗದು ಎಂದುಕೊಂಡೆ. ಹುಡುಗಿಯ ಕೆನ್ನೆ ಬಿಳಿಚಿತ್ತು, ಆದರೂ ಕದಲದೆ ನಿಂತಿದ್ದಳು. ನನಗೆ ಆ ಗಳಿಗೆ ಅವಳ ಮೇಲೆ ಸಿಟ್ಟೂ ಬಂತು, ಎತ್ತಿ ಅಪ್ಪಿಕೊಳ್ಳಬೇಕೆಂದೂ ಅನಿಸಿತು.

"ಅದಕ್ಕೇ ಅಂದೆ," ಎಂದರು ಸೊಣ್ಣಪ್ಪನವರು. ಇನ್ನೂ ಕಣ್ಣು ತೆಗೆದಿರಲಿಲ್ಲ. "ಬರೀ ಗುಂಡಿ ಗುಂಡಿ ಕಾಣ್ತಾವೆ. ಅಂಚಲ್ಲಿ ಗುಡ್ಡ. ಗುಡ್ಡದ ನೆಳ್ಳೂ ಬಿದ್ದೈತೆ. ಇಷ್ಟು ಜಮೀನು ಐತೆ ಅಂತ ಯಾರೂ ಏಳ್ನೇ ಇಲ್ವಲ್ಲ. ಯಾರ್ ಎಸ್ರಲ್ಲಿ ಐತೆ ಇದು?"

"ಜಮೀನು ಯಾರದ್ದೂ ಅಲ್ಲ ತಾತ. ಆದ್ರೆ ಆ ಗುಂಡಿಗಳಿಗೆಲ್ಲ ಒಂದೊಂದು ಹೆಸ್ರಿದೆ. ಮನುಷ್ಯರ ಹೆಸ್ರು."

ಈಗ ಕಣ್ಣು ತೆಗೆದರು. ಅವರ ಮುಖದಲ್ಲಿ ಬೆಳಿಗ್ಗೆಯ ಕಳೆ ಮತ್ತೆ ಮೂಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ.

"ಏನ್ ಕೊಟ್ರೆ ಆಕ್ತಾರೆ?"

"ಕೊಟ್ರೆ ಹಾಕಲ್ಲ. ಏನಾದ್ರೂ ದೊಡ್ಡದು ಕಂಡುಹಿಡೀಬೇಕು." ನಿಶಾತ್ ತಡವರಿಸಿದಳು. "ಮತ್ತೆ... ಸತ್ತೂ ಇರ್ಬೇಕು. ಬದುಕಿರೋರ ಹೆಸ್ರು ಇಡಲ್ಲ."

ದಸ್ತಗೀರ್ ದೂರದಿಂದ ಮಗಳಿಗೆ ಸುಮ್ಮನಿರು ಎಂದು ಕೈ ಬೀಸಿದರು. ಸೊಣ್ಣಪ್ಪನವರು ಚಂದ್ರನನ್ನೊಮ್ಮೆ ಬರಿಗಣ್ಣಿನಲ್ಲಿ ನೋಡಿದರು, ಹುಡುಗಿಯನ್ನು ನೋಡಿದರು, ಲೆಕ್ಕ ಹಾಕಿದರು.

"ಅಂಗಾದ್ರೆ ಕೆಲ್ಸ ಅಂಚ್ಕಳಾಣ," ಎಂದರು. "ಸಾಯೋದು ನಾನ್ ನೋಡ್ಕಂತೀನಿ, ಅದಕ್ಕೆ ಓದೋದೇನ್ ಬ್ಯಾಡ. ಕಂಡಿಡಿಯೋದು ನೀನ್ ನೋಡ್ಕೊ. ದಸರಾಗೆ ಒಂಟೋಗು."