ಅನಾರ್ಕುಲ್ ಹತ್ತಿದ ಬಸ್ಸು

ಅನಾರ್ಕುಲ್ ಬಸ್ಸು ಹತ್ತಿಬಿಟ್ಟಿದ್ದಳು.

ಝೂರಕಾನ್ ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದಳು. ತಪ್ಪೇನಿರಲಿಲ್ಲ. ಮಗಳು ಬಿಷ್ಕೆಕ್‌ನಿಂದ ಕಳಿಸಿದ್ದ ಇ-ರೀಡರಿನಲ್ಲಿ ಒಂದೊಂದು ಅಕ್ಷರವೂ ಅವರೆಕಾಳಿನಷ್ಟು ದಪ್ಪ. ಪುಟಕ್ಕೆ ಏಳೇ ಸಾಲು. ನೋಟದ ನಡುವೆ ಹೊಗೆಯಂಥ ಮಬ್ಬು ಕವಿದು ಆರು ವರ್ಷವಾದ ಮೇಲೆ ಅವಳು ತಾನೇ ಓದುತ್ತಿದ್ದ ಮೊದಲ ಕಾದಂಬರಿ ಅದು. ಎಡವಿದರೂ ದಾರಿ ತಪ್ಪದಿರಲಿ ಎಂದು ಗೊತ್ತಿದ್ದ ಕಥೆಯನ್ನೇ ಆರಿಸಿಕೊಂಡಿದ್ದಳು. ಗಂಡ ದೋರೊನ್‌ಬೆಕ್ ಓದಿ ಹೇಳಿದ್ದ ಕಥೆಯಲ್ಲಿ ಅನಾರ್ಕುಲ್ ಬಸ್ ನಿಲ್ದಾಣದಿಂದ ಗಂಡನ ಮನೆಗೆ ಮರಳಿದ್ದಳು. ಅಲ್ಲಿಗೆ ಮುಗಿದಿತ್ತು. ಇಲ್ಲಿ ನೋಡಿದರೆ ಇನ್ನೂ ಅರ್ಧ ಪುಸ್ತಕ ಬಾಕಿ ಇತ್ತು.

ದೋರೊನ್‌ಬೆಕ್ ಕರಾಕೋಲ್‌ನ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು. ದಿನಾ ಮಧ್ಯಾಹ್ನ ಹೆಂಡತಿಗೆ ಓದಿ ಹೇಳುವ ಗಂಡನೆಂದು ಬೀದಿಗೆಲ್ಲ ಮಾದರಿ. ಹಾಲಿನ ಚಹಾ ಹಿಡಿದು ಒಳಬಂದವನು ಎಂದಿನಂತೆ ಕೆಣಕಿದ: "ಏನ್ ಮುದುಕಿ, ಆ ಹಲಗೆಗೇ ಅಂಟ್ಕೊಂಡ್ಯಲ್ಲ! ಅದೂ ಒಂದು ಪುಸ್ತಕನಾ? ಕಾಗದದ್ ವಾಸನೆ ಇಲ್ಲ, ಏನಿಲ್ಲ."

"ನಿಜ ಹೇಳಿ. ಅನಾರ್ಕುಲ್ ಬಸ್ ಹತ್ತಿದ್ಳಾ, ಇಲ್ವಾ?"

ಅವನು ಬಟ್ಟಲನ್ನು ಮೇಜಿನ ಮೇಲಿಟ್ಟ. ಇಡುವುದಕ್ಕೇ ಬಹಳ ಹೊತ್ತು ಹಿಡಿಯಿತು.

"ಹತ್ತಿದ್ಳು. ಮುಂದಿಂದೆಲ್ಲ ಬರೀ ಗೋಳು ಕಣೆ. ನಿನ್ಗೆ ಬೇಜಾರಾಗ್ಬಾರ್ದು ಅಂತ..."

"ಗೋಳೋ ಸುಖನೋ, ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?"

ಮದುವೆಯಾದ ನಲವತ್ತೊಂದು ವರ್ಷದಲ್ಲಿ ಅವಳು ಅವನನ್ನು 'ನೀನು' ಎಂದದ್ದು ಅದೇ ಮೊದಲು. ಬಾಯಿಂದ ಬಂದದ್ದನ್ನು ಅವಳು ವಾಪಸ್ ತೆಗೆದುಕೊಳ್ಳಲಿಲ್ಲ.

"ಕಣ್ಣು ಹೋದ್ ವರ್ಷ ಬಿಷ್ಕೆಕ್‌ನ ಕುರುಡರ ಸಂಘದೋರು ಕರೆದಿದ್ರು. ಮೂರು ತಿಂಗಳು ಇರ್ಸ್ಕೊಂಡು ಹೆಣಿಗೆ ಮಿಷಿನ್ ಕಲಿಸ್ತೀವಿ, ಒಬ್ಳೇ ಓಡಾಡೋದು ಕಲಿಸ್ತೀವಿ ಅಂದಿದ್ರು. ಪೆಟ್ಟಿಗೆ ಕಟ್ಟಿಟ್ಟಿದ್ದೆ. ಆ ವಾರನೇ ನೀನು ಇದನ್ನ ಓದಿ ಹೇಳ್ದೆ. ಅನಾರ್ಕುಲೇ ವಾಪಸ್ ಬಂದ್ಳಲ್ಲ ಅಂತ ಪೆಟ್ಟಿಗೆ ಬಿಚ್ಚಿದೆ ನಾನು!"

"ಕಣ್ಣು ಕಾಣ್ದೋಳು, ಅಷ್ಟು ದೊಡ್ಡ ಊರಲ್ಲಿ..."

"ಕಣ್ಣು ಹೋಗಿತ್ತು. ತಲೆ ಹೋಗಿರ್ಲಿಲ್ಲ. ನಿನ್ ಕಾಗದದ್ ವಾಸನೆ ಮೂಸ್ಕೊಂಡು ಆರು ವರ್ಷ ಕೂತಿದ್ದೀನಿ. ಇನ್ನೆಷ್ಟು ಪುಸ್ತಕಕ್ಕೆ ಹಿಂಗ್ ಮಾಡಿದ್ದೀಯ?"

ಅವನು ಗೋಡೆಯುದ್ದದ ಪುಸ್ತಕದ ಕಪಾಟಿನತ್ತ ತಿರುಗಿದ್ದು ಅವಳಿಗೆ ಮಬ್ಬಾಗಿ ಕಂಡಿತು. ಅವನ ಮುಖ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲನೆ ಹೊರಳಿತು.

"ಉಳಿದಿದ್ದನ್ನ ಈಗ ಓದ್ಲಾ?" ಎಂದ ಕೊನೆಗೆ. "ಒಂದಕ್ಷರ ಬಿಡಲ್ಲ."

"ಬಾಯ್ಮುಚ್ಚು."

ಅವಳು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಗುಂಡಿ ಒತ್ತಿದಳು. ಏಳು ಸಾಲು. ಮತ್ತೆ ಏಳು ಸಾಲು. ಚಹಾದ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ನೆಲ ಕಿರುಗುಟ್ಟಿತು. ಎಲ್ಲಿಯವರೆಗೆ ಬಂದಳೆಂದು ನೋಡಲು ಅವನು ಹೆಗಲ ಮೇಲಿಂದ ಬಗ್ಗುತ್ತಿದ್ದ. ಅವಳು ಇ-ರೀಡರಿನ ಪರದೆಯನ್ನು ಎದೆಗೊತ್ತಿಕೊಂಡು, ಅವನು ಸರಿದುಹೋಗುವವರೆಗೆ ಕಾದಳು.