ಒಂದೇ ಪ್ಲಗ್ ಪಾಯಿಂಟು

“ಹೆಣ ಕೊಳೀಲಿ, ಡಬ್ಬ ಉಳೀಲಿ ಅಂತೀಯಲ್ಲೋ, ನಿನ್ನನ್ನ ಮನುಷ್ಯ ಅನ್ನಬೇಕಾ? ಎಂಟನೇ ಕ್ಲಾಸಿಗೆ ಮಣ್ಣು ಹಾಕಿದಾಗಲೇ ಗೊತ್ತಿತ್ತು ನನಗೆ, ನಿನ್ನ ತಲೇಲಿ ಏನು ತುಂಬಿದೆ ಅಂತ.”

ಅಣ್ಣ ಇಷ್ಟನ್ನೂ ಹೇಳಿದ್ದು ಸತ್ತ ಅಕ್ಕನ ತಲೆದೆಸೆಯಲ್ಲಿ ನಿಂತು, ಕೋಣೆ ತುಂಬ ನೆರೆದ ಜನರ ಎದುರಿಗೆ. ತಮ್ಮ ಕದಲಲಿಲ್ಲ. ಗೋಡೆಯ ದೊಡ್ಡ ಪ್ಲಗ್ ಪಾಯಿಂಟಿಗೆ ಬೆನ್ನು ಕೊಟ್ಟು ನಿಂತೇ ಇದ್ದ. ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತಂದವನು ಬಾಗಿಲಲ್ಲಿ ಅದರ ವಯರನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕಾಯುತ್ತಿದ್ದ.

ಕೋಣೆಗೆ ಇದ್ದದ್ದು ಅದೊಂದೇ ದೊಡ್ಡ ಪಾಯಿಂಟು. ಅದರಲ್ಲಿ ಅಕ್ಕನ ಕಂಪ್ಯೂಟರಿನ ಪ್ಲಗ್ಗು. ಮೇಜಿನ ಕೆಳಗೆ ಕೂತ ಆ ಬೂದು ಪೆಟ್ಟಿಗೆ ಕರಕರ ಅನ್ನುತ್ತಲೇ ಇತ್ತು. ಒಳಗಿನ ಡಿಸ್ಕು ಒಂದು ಗಳಿಗೆ ಸುಮ್ಮನಾಗುವುದು, ಮತ್ತೆ ಹಲ್ಲು ಕಡಿಯುವುದು. ಅಳಲು ಬಂದವರು ಅದರ ಸದ್ದಿನ ಮೇಲೆ ದನಿ ಏರಿಸಿ ಅಳಬೇಕಾಗಿತ್ತು.

ಬೇರೆ ಕಡೆಯಿಂದ ವಯರು ಎಳೆಯೋಣ ಎಂದರು ಯಾರೋ. ಆಗುವ ಮಾತಲ್ಲ. ಮಹಡಿಗೆ ಬರುವುದು ಒಂದೇ ಲೈನು, ಇದರ ಜೊತೆ ಇನ್ನೊಂದು ಭಾರದ್ದು ಹಾಕಿದರೆ ಫ್ಯೂಸ್ ಹಾರುತ್ತದೆ. ಅದಕ್ಕೇ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟು ವರ್ಷಗಟ್ಟಲೆ ಸುಕ್ಕುಬಟ್ಟೆಯಲ್ಲೇ ಓಡಾಡಿದ್ದಳು. ಕೆಳಗಿನ ಮನೆಯಿಂದ ಕರೆಂಟು ಕೊಡುವುದಿಲ್ಲ ಎಂದ ಮಾಲೀಕ. ಕೇಳದೆಯೇ ಇನ್ನೊಂದು ಮಾತೂ ಸೇರಿಸಿದ: ಹೆಣ ಹೊರಟ ಕೂಡಲೇ ಮಹಡಿಯ ಮೇನ್ ಸ್ವಿಚ್ ಇಳಿಸಿ ಬೀಗ ಜಡಿಯುತ್ತಾನಂತೆ. ಆ ಕರಕರ ಕೇಳಿ ಅವನ ಕಿವಿ ತೂತಾಗಿತ್ತಂತೆ.

ಚಿಕ್ಕಕ್ಕ ದೂರದ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಮುಟ್ಟುವಾಗ ಸಂಜೆ. ಮಾಡಿನ ತಗಡು ಆಗಲೇ ಕಾವಲಿಯ ಹಾಗೆ ಕಾದಿತ್ತು.

“ಅದು ತಾನಾಗೇ ನಿಲ್ಲೋವರೆಗೂ ಯಾರೂ ಮುಟ್ಟಬಾರದು. ಅಕ್ಕ ಹೇಳಿದಾಳೆ” ಎಂದ ತಮ್ಮ.

“ಹೇಳಿದೋಳು ಇಲ್ಲೇ ಮಲಗಿದಾಳಲ್ಲ, ಅವಳನ್ನೇ ಕೇಳು, ಪೆಟ್ಟಿಗೇಲಿ ಇಡೋಣ್ವಾ ಅಂತ” ಎಂದಳು ಅತ್ತಿಗೆ.

ಪೆಟ್ಟಿಗೆಯವನು ಕೆಮ್ಮಿದ. “ಬೇಗ ಹೇಳ್ಬಿಡಿ ಸಾರ್. ಇನ್ನೂ ಎರಡು ಮನೇಲಿ ಕಾಯ್ತಾ ಇದಾರೆ.”

“ತಗೊಂಡು ಹೋಗು. ಐಸು ತರ್ತೀನಿ ನಾನು” ಎಂದ ತಮ್ಮ. ಹೇಳಿದ್ದೇನೋ ಸರಿ, ಬೆನ್ನು ತಿರುಗಿಸಿದರೆ ಪ್ಲಗ್ಗು ಉಳಿಯುವುದೆಂಬ ನಂಬಿಕೆ ಇರಲಿಲ್ಲ. ಆಗ ಪಕ್ಕದ ಕೋಣೆಯ ಟೈಲರಮ್ಮ, ಅಕ್ಕನಿಗಿದ್ದ ಒಬ್ಬಳೇ ಗೆಳತಿ, ಸ್ಟೂಲು ಎಳೆದುಕೊಂಡು ಪಾಯಿಂಟಿನ ಮುಂದೆ ದಬಕ್ಕನೆ ಕೂತಳು.

“ಹೋಗ್ಬಾರಪ್ಪ. ನನ್ನ ಎಬ್ಬಿಸ್ಬೇಕಾದ್ರೆ ನಾಲ್ಕು ಆಳು ಬೇಕು.”

*

ಗಿರಣಿ ಮುಚ್ಚಿದಾಗ ಅಕ್ಕ ಅಲ್ಲಿ ಸ್ಟೋರ್ಸ್ ಗುಮಾಸ್ತೆ. ಈ ಬೂದು ಕಂಪ್ಯೂಟರು ಅಲ್ಲಿಯ ಬಟ್ಟೆಯ ನಮೂನೆ ಬಿಡಿಸುವ ವಿಭಾಗದ್ದು. ಮಾಡಿದ ಕಂಪನಿ ಎಂದೋ ಮುಳುಗಿತ್ತು. ಒಳಗಿನ ಪ್ರೊಸೆಸರಿನ ಜಾತಿಯೇ ಬೇರೆ. ಅಂಗಡಿಯಲ್ಲಿ ಸಿಗುವ ಯಾವುದೂ ಅದಕ್ಕೆ ಹೊಂದುತ್ತಿರಲಿಲ್ಲ. ಗುಜರಿ ಗಾಡಿಗೆ ಏರಿದ್ದನ್ನು ಅಕ್ಕ ಇಳಿಸಿಕೊಂಡಳು. ತಮ್ಮ ಮನೆಮನೆಗೆ ನೀರಿನ ಕ್ಯಾನು ಹಾಕುವವನು, ಆದರೂ ಅದನ್ನು ಅಪ್ಪಿಕೊಂಡು ಮಹಡಿಯ ಮೆಟ್ಟಿಲು ಹತ್ತುವಾಗ ಅವನಿಗೆ ಹೆತ್ತವ್ವ ನೆನಪಾದಳು.

“ಇದರಲ್ಲಿ ಏನು ಮಾಡ್ತೀಯ?”

“ಮೊದಲು ಎಬ್ಬಿಸ್ತೀನಿ. ಆಮೇಲೆ ನೋಡೋಣ.”

ಎಬ್ಬಿಸಲು ಅವಳು ಹಿಡಿದದ್ದು ಲಿನಕ್ಸನ್ನು, ಕಂಪ್ಯೂಟರನ್ನು ನಡೆಸುವ ಒಂದು ತಂತ್ರಾಂಶವನ್ನು. ಯಾರು ಯಾರೋ, ಎಲ್ಲೆಲ್ಲೋ ಕೂತು ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟದ್ದು ಅದು. ಇಂಥ ದಿಕ್ಕಿಲ್ಲದ ಯಂತ್ರಗಳಿಗೂ ಅದರಲ್ಲಿ ಒಂದು ಮೂಲೆ ಇತ್ತು. ಮೊದಲ ವರ್ಷವಿಡೀ ಪರದೆ ಕಪ್ಪಗೇ ಇತ್ತು. ಅಕ್ಕ ಕೆಲಸ ಹುಡುಕಿದಳು, ಒಂದು ಗೋದಾಮಿನಲ್ಲಿ ಚೀಟಿ ಅಂಟಿಸುವುದಕ್ಕೆ ಸೇರಿದಳು, ಸಂಜೆ ಬಂದು ಆ ಕಪ್ಪು ಪರದೆಯ ಮುಂದೆ ಕೂತಳು. ಒಂದು ಭಾನುವಾರ ಫೋನ್ ಮಾಡಿ “ಬಾಯಿ ಬಿಡ್ತು ಕಣೋ” ಎಂದಳು. ಮದುವೆ, ಮಕ್ಕಳು ಎಂದು ಎಂದೂ ಹಂಬಲಿಸದ ಹೆಂಗಸಿನ ದನಿ ಅವತ್ತು ನಡುಗುತ್ತಿತ್ತು.

*

ಆಸ್ಪತ್ರೆಯಲ್ಲಿ, ಮೂಗಿಗೆ ನಳಿಗೆ ಹಾಕಿಕೊಂಡೇ ಅವಳು ತಮ್ಮನಿಗೆ ವಿಷಯ ಹೇಳಿದ್ದಳು. ಲಿನಕ್ಸ್ ನೋಡಿಕೊಳ್ಳುವವರು ಕೇಳಿದ್ದಾರೆ: ಈ ಜಾತಿಯ ಯಂತ್ರ ಓಡಿಸುವವರು ಇನ್ನೂ ಯಾರಾದರೂ ಇದ್ದೀರಾ? ಬರುವ ಶುಕ್ರವಾರದೊಳಗೆ ಯಾರೂ ಓಗೊಡದಿದ್ದರೆ ಲಿನಕ್ಸಿನಲ್ಲಿ ಇವಕ್ಕಿರುವ ಭಾಗವನ್ನೇ ಕಿತ್ತು ಹಾಕುತ್ತಾರೆ. ಬಾಯಿಮಾತಿನಲ್ಲಿ ಇದ್ದೀವಿ ಅಂದರೆ ನಡೆಯುವುದಿಲ್ಲ, ಲಿನಕ್ಸಿನ ಹೊಸ ಆವೃತ್ತಿಯನ್ನು ಈ ಯಂತ್ರಕ್ಕೆ ಹೊಂದುವಂತೆ ಕಟ್ಟಿ, ಓಡಿಸಿ ತೋರಿಸಬೇಕು. ಕಟ್ಟುವ ಕೆಲಸ ಹಚ್ಚಿಯೇ ಅವಳು ಆಸ್ಪತ್ರೆಗೆ ಬಂದಿದ್ದಳು. ಆ ಮುದಿ ಯಂತ್ರಕ್ಕೆ ಅದು ಹತ್ತು ಹನ್ನೆರಡು ದಿನದ ದುಡಿಮೆ.

ಸೈಬರ್ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಕಟ್ಟಿ ತಂದರೆ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲವಾ ಎಂದು ಅವನು ಕೇಳಿದ.

“ಮುಗಿಯುತ್ತೆ. ಎಷ್ಟೋ ಜನ ಹಾಗೇ ಮಾಡ್ತಾರೆ. ನಾನು ಮಾಡಲ್ಲ. ಅದರ ಗಂಜಿ ಅದೇ ಕಾಯಿಸ್ಕೊಬೇಕು. ಹತ್ತು ದಿನ ಉಸಿರು ಬಿಡದೆ ದುಡಿದ್ರೆ ತಾನೇ ಬದುಕಿದೆ ಅಂತ ಲೆಕ್ಕ?”

ಅವನಿಗೆ ಮೈ ಉರಿಯಿತು. “ನಿನಗೇ ಎದ್ದು ಕೂರೋಕಾಗಲ್ಲ, ಡಬ್ಬದ ಉಸಿರಿನ ಚಿಂತೆ.”

ಅಕ್ಕ ನಗಲು ಹೋಗಿ ಕೆಮ್ಮಿದಳು. ಸದ್ದು ನಿಂತ ಮೇಲೆ ಏನೇನು ಒತ್ತಬೇಕು ಎಂದು ಹಾಸಿಗೆಯ ಮೇಲೆ ಬೆರಳಿನಿಂದ ಬರೆದು ಬರೆದು ಬಾಯಿಪಾಠ ಮಾಡಿಸಿದಳು. ಕೊನೆಗೆ ಗೋಡೆ ಕಡೆ ತಿರುಗಿ ಹೇಳಿದಳು:

“ಇಷ್ಟು ವರ್ಷದಲ್ಲಿ ಇದ್ದೀಯಾ ಅಂತ ನನ್ನ ಯಾರೂ ಕೇಳಿಲ್ಲ ಕಣೋ. ಈಗ ಕೇಳಿದಾರೆ. ಸುಮ್ಮನಿರೋಕಾಗುತ್ತಾ?”

*

ಇವತ್ತೇ ಆ ಶುಕ್ರವಾರ. ತಮ್ಮ ಮೀನು ಮಾರ್ಕೆಟ್ಟಿನಿಂದ ಐಸಿನ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು ತಂದ. ಅಂಗಿ ತೊಯ್ದು ಬೆನ್ನು ಮರಗಟ್ಟಿತು.

“ನನ್ನ ತಂಗಿಗೆ ಮೀನಿನ ಐಸಾ?” ಎಂದ ಅಣ್ಣ.

“ಮೀನು ಅಂದ್ರೆ ಪ್ರಾಣ ಬಿಡೋಳು ಅವಳು, ಸುಮ್ನಿರಿ” ಎಂದಳು ಟೈಲರಮ್ಮ, ಸ್ಟೂಲಿನಿಂದ ಏಳದೆಯೇ.

ಕರಗಿದಂತೆಲ್ಲ ಅವನು ಮತ್ತೆ ಮಾರ್ಕೆಟ್ಟಿಗೆ ಓಡಿದ, ಮತ್ತೆ ಹೊತ್ತ. ನಡುನಡುವೆ ಬಗ್ಗಿ ಪರದೆ ನೋಡಿದ. ಸಾಲುಗಳು ಇರುವೆಯ ಹಾಗೆ ಮೇಲೇರುತ್ತಲೇ ಇದ್ದವು. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಬಂದವರು ಅಕ್ಕನ ಬಗ್ಗೆ ಹೇಳಿದ್ದೆಲ್ಲ ಒಂದೇ ಮಾತು: ಪಾಪ, ಯಾರ ತಂಟೆಗೂ ಹೋದವಳಲ್ಲ. ಅದು ಹೊಗಳಿಕೆಯೇ ಎಂದು ಅವರ ಕುತ್ತಿಗೆಪಟ್ಟಿ ಹಿಡಿದು ಕೇಳಬೇಕು ಅನ್ನಿಸಿತು.

ಚಿಕ್ಕಕ್ಕ ಬಂದಳು, ಬಿದ್ದು ಅತ್ತಳು. ಹೊತ್ತು ಇಳಿದಿತ್ತು. ಯಂತ್ರ ನಿಂತಿರಲಿಲ್ಲ.

“ಈಗ ಹೇಳು. ಅವಳ ಜೊತೆ ಬರ್ತೀಯೋ, ಡಬ್ಬ ಕಾಯ್ತೀಯೋ?” ಎಂದ ಅಣ್ಣ.

ತಮ್ಮ ಅಕ್ಕನ ಕಾಲಕಡೆ ಹಿಡಿದು ಮೆಟ್ಟಿಲು ಇಳಿಸಿದ. ಕೊನೆಯ ಮೆಟ್ಟಿಲಲ್ಲಿ ಅವಳ ಪಾದಕ್ಕೆ ಕೆನ್ನೆ ತಾಗಿಸಿದ. ವ್ಯಾನಿನ ಬಾಗಿಲು ಮುಚ್ಚುವ ಮೊದಲೇ ತಿರುಗಿ ಮೇಲಕ್ಕೆ ಓಡಿದ. ಮೇನ್ ಸ್ವಿಚ್ಚಿಗೆ ಕೈಯಿಟ್ಟಿದ್ದ ಮಾಲೀಕ ಅವನ ಮುಖ ನೋಡಿ, ಆಮೇಲೆ ಬರುತ್ತೇನೆ ಎಂದು ಗೊಣಗುತ್ತ ಇಳಿದುಹೋದ.

ದೀಪ ಹಚ್ಚುವ ಹೊತ್ತಿಗೆ ಕರಕರ ನಿಂತಿತು. ಆ ಮೌನ ಹೆಣದ ಮೌನಕ್ಕಿಂತ ಕೆಟ್ಟದಾಗಿತ್ತು. ಅವನು ಕಲಿತದ್ದನ್ನು ಒಂದೇ ಬೆರಳಿನಲ್ಲಿ ಒತ್ತಿದ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಮಣ್ಣಿಗೆ ಹೋಗದೆ ಉಳಿದದ್ದು ಇದಕ್ಕಾ ಎಂದು ಅವನು ಬಾಯಿಗೆ ಬಂದ ಬೈಗುಳವನ್ನೆಲ್ಲ ಆ ಪೆಟ್ಟಿಗೆಗೆ ಬೈದ. ಬೈದು ಮುಗಿದ ಮೇಲೂ ಕಪ್ಪೇ ಇತ್ತು. ಆಮೇಲೆ ಮೂಲೆಯಲ್ಲಿ ಒಂದು ಅಕ್ಷರ, ಒಂದು ಸಾಲು, ಹತ್ತು ಸಾಲು.

ಅಕ್ಕ ಬರೆದಿಟ್ಟಿದ್ದ ಉತ್ತರ ಹೊರಟಿತು. ಎಲ್ಲಿಯೋ ಯಾರೋ ಎಚ್ಚರವಿದ್ದರು. ಸ್ವಲ್ಪ ಹೊತ್ತಿಗೇ ಮರುಮಾತು ಬಂತು. ಅದರ ಇಂಗ್ಲಿಷನ್ನು ಬಿಡಿಸಿ ಬಿಡಿಸಿ ಓದಿದ. ಸರಿ, ಹಾಗಾದರೆ ತೆಗೆಯುವುದಿಲ್ಲ. ಮುಂದಿನ ಸಲವೂ ಓಡಿಸಿ ನೋಡುವವರು ನೀವೇ ತಾನೆ?

ತಮ್ಮ ಹೌದು ಅನ್ನಲು ಬೇಕಾದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದ. ಆಮೇಲೆ ಅಕ್ಕ ಹೇಳಿದ ಕ್ರಮದಲ್ಲೇ ಯಂತ್ರವನ್ನು ಮಲಗಿಸಿ, ತಾನೇ ಪ್ಲಗ್ಗು ಕಿತ್ತ.

ಸ್ಮಶಾನಕ್ಕೆ ಓಡಿ ಬರುವಾಗ ಮಣ್ಣು ಮುಚ್ಚಿ ಆಗಿತ್ತು. ಜನ ಕೈಕಾಲು ತೊಳೆಯುತ್ತಿದ್ದರು. ಅವನು ಹಸಿ ಮಣ್ಣಿನ ಮೇಲೆ ಅಂಗೈ ಊರಿ ಕೂತ.

“ಈಗ ಬಂದ ನೋಡಿ ದೊರೆ” ಎಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ. “ಬೆಳಗಾದ್ರೆ ಮಾಲೀಕ ಸಾಮಾನೆಲ್ಲ ಬೀದಿಗೆ ಹಾಕ್ತಾನೆ. ಈಗಲಾದ್ರೂ ಆ ಡಬ್ಬಾನ ಗುಜರಿಗೆ ಹಾಕ್ತೀಯೋ ಇಲ್ವೋ? ಬಾಯಿಬಿಟ್ಟು ಹೇಳು.”

ತಮ್ಮ ಎದ್ದ. ಅವನು ಇದ್ದ ಬಾಡಿಗೆ ಕೋಣೆಯ ಬಾಗಿಲು ಬಲು ಇಕ್ಕಟ್ಟು, ಆ ಪೆಟ್ಟಿಗೆ ಅದರಲ್ಲಿ ತೂರುತ್ತದೋ ಇಲ್ಲವೋ. ಅವನು ಎರಡೂ ತೋಳುಗಳನ್ನು ಮುಂದೆ ಚಾಚಿ, ಅಪ್ಪಿ ಹೊತ್ತಿದ್ದ ಭಾರವನ್ನು ನೆನೆದು, ಅಷ್ಟೇ ಅಗಲಕ್ಕೆ ತೆರೆದು ನಿಲ್ಲಿಸಿದ. ಆ ಅಳತೆ ಎಲ್ಲಿಯೂ ಕುಗ್ಗದಂತೆ, ಹಿಗ್ಗದಂತೆ ಹಿಡಿದುಕೊಂಡು ಗೇಟಿನ ಕಡೆ ನಡೆದ. ಎದುರಿದ್ದವರು ಎರಡೂ ಬದಿಗೆ ಸರಿದು ದಾರಿ ಬಿಟ್ಟರು.